ಕಲ್ಲಿದ್ದಲಿಗೆ ತೋಡಿದ ಗುಂಡಿ

ಕಲ್ಲಿದ್ದಲನ್ನು ಮಣ್ಣು ಮಾಡಬೇಕೆಂದು ಬಡಾವಣೆಯವರು ತೀರ್ಮಾನಿಸಿದ ದಿನ ಬಡಾವಣೆಯಲ್ಲಿ ಕಲ್ಲಿದ್ದಲೇ ಇರಲಿಲ್ಲ. ಹುಡುಕಿದರು. ಯಾರ ಮನೆಯಲ್ಲೂ ಒಂದು ತುಂಡು ಸಿಗಲಿಲ್ಲ. ಕೊನೆಗೆ ಪಾರ್ಕಿನ ಗೇಟಿನ ಪಕ್ಕದ ಇಸ್ತ್ರಿ ಗಾಡಿ ಕಣ್ಣಿಗೆ ಬಿತ್ತು.

ಗಾಡಿ ಅಕ್ಕಯ್ಯಮ್ಮನದು. ಇಸ್ತ್ರಿ ತಿಕ್ಕುತ್ತಿದ್ದವಳು ಅವಳ ಸೊಸೆ ಲಿಂಗಮ್ಮ. ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮಾಡಿದವಳು. ಗಂಡ ಮಹೇಶ ಸತ್ತ ಮೇಲೆ ಅವಳಿಗೆ ಎಲ್ಲ ಕೆಲಸವೂ ಒಂದೇ ಆಗಿತ್ತು. ಪಾಠ ಹೇಳುವುದೂ ಒಂದೇ, ಷರ್ಟಿನ ಕಾಲರ್ ತಿಕ್ಕುವುದೂ ಒಂದೇ. ಕಾಲರ್ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಕಾಲರ್.

ಗಾಡಿ ಹಾಕಿದ ಹೊಸದರಲ್ಲಿ ಎಲ್ಲರೂ ಬಟ್ಟೆ ಕೊಟ್ಟರು. ಆಮೇಲೆ ಇವರು ಶ್ರೀಗಂಧದ ಕಾವಲಿನ ಯಾವ ಕೇರಿಯವರು ಎಂಬುದು ವಾಕಿಂಗ್ ಗುಂಪಿಗೆ ತಿಳಿಯಿತು. ಪ್ಯಾಂಟು, ಷರ್ಟು ಬರುವುದು ನಿಲ್ಲಲಿಲ್ಲ. ಪೂಜೆಗೆ ಉಡುವ ಪಂಚೆ ಬರುವುದು ನಿಂತಿತು. ಯಾರೂ ಏನೂ ಹೇಳಲಿಲ್ಲ. ಪಂಚೆ ಬರಲಿಲ್ಲ, ಅಷ್ಟೆ.

ನಿವಾಸಿಗಳ ಸಂಘದ ಅಧ್ಯಕ್ಷ ವಿಶ್ವಾರಾಧ್ಯರು ವಾಕಿಂಗ್ ಶೂನಲ್ಲೇ ಬಂದು ಇಸ್ತ್ರಿಪೆಟ್ಟಿಗೆಯೊಳಕ್ಕೆ ಬಗ್ಗಿ ನೋಡಿದರು. ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು.

“ಇದೇನಮ್ಮ ಉರೀತಿರೋದು?”

“ಇದ್ದಲು ಸಾರ್.”

“ನೋಡಿದ್ರಾ!” ಅಂದರು ಹಿಂದೆ ನಿಂತವರ ಕಡೆ ತಿರುಗಿ. “ಪ್ರಪಂಚಾನೇ ಬೇಡ ಅಂತಿರೋದನ್ನ ನಮ್ಮ ಗೇಟ್ ಮುಂದೆ ಉರಿಸ್ತಿದಾರೆ.”

ಪ್ರಪಂಚ ಬೇಡ ಅನ್ನುತ್ತಿದ್ದುದು ನಿಜ. ಭೂಮಿ ಕಾಯುತ್ತಿದೆ, ಇನ್ನು ಕಲ್ಲಿದ್ದಲು, ಎಣ್ಣೆ, ಅನಿಲ ಯಾವುದನ್ನೂ ತೆಗೆಯದೆ ನೆಲದಡಿಯಲ್ಲೇ ಬಿಟ್ಟುಬಿಡಬೇಕು, ಎಲ್ಲ ದೇಶಗಳೂ ಹಾಗಂತ ಒಪ್ಪಂದಕ್ಕೆ ಬರಬೇಕು ಎಂದು ವಿದೇಶದ ಸಂಸ್ಥೆಯೊಂದು ಊರೂರಿಗೂ ಹೇಳುತ್ತಿತ್ತು. ಜೊತೆಗೂಡಿದ ಬಡಾವಣೆಗಳಿಗೆ ಹಿತ್ತಾಳೆಯ ಫಲಕ ಕೊಡುತ್ತಿತ್ತು. ವಿಶ್ವಾರಾಧ್ಯರಿಗೆ ಫಲಕ ಬೇಕಿತ್ತು. ಆದರೆ ತೆಗೆಯದೆ ಬಿಡೋಣವೆಂದರೆ ಬಡಾವಣೆಯಲ್ಲಿ ಗಣಿ ಇಲ್ಲ. ಸಂಘದ ಸಭೆಯಲ್ಲಿ ಇದೇ ದೊಡ್ಡ ತೊಡಕಾಯಿತು. ಕೊನೆಗೆ ಅವರೇ ಎದ್ದು ನಿಂತು, “ತೆಗೀದೇ ಬಿಡೋಕೆ ನಮ್ಮತ್ರ ಏನೂ ಇಲ್ಲ. ತೆಗೆದಿರೋದನ್ನ ವಾಪಸ್ ಇಟ್ಬಿಡೋಣ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಣಿಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಶ್ಯಾಮಸುಂದರ ಎಂಬುವವರು ಸಂಘದ ವಿಜ್ಞಾನಿ. ಅವರು ಗಾಡಿಯಿಂದ ಒಂದು ಇದ್ದಲು ಎತ್ತಿ, ಮೂಸಿ, ತಲೆ ಅಲ್ಲಾಡಿಸಿದರು.

“ಇದು ಮರ ಸುಟ್ಟ ಇದ್ದಲು. ಇದನ್ನ ಹೂತ್ರೆ ಫಲಕ ಕೊಡಲ್ಲ.”

“ಹಾಗಾದ್ರೆ ಇದು ಪರವಾಗಿಲ್ವಾ ಸಾರ್?” ಲಿಂಗಮ್ಮ ಕೇಳಿದಳು.

“ಹೊಗೆ ಬರುತ್ತಲ್ಲಮ್ಮ” ಎಂದರು ವಿಶ್ವಾರಾಧ್ಯರು. “ಕಾರ್ಯಕ್ರಮ ಮುಗಿಯೋವರೆಗೂ ಗಾಡಿ ಹಚ್ಬೇಡಿ. ಹಾಂ, ಭಾನುವಾರಕ್ಕೆ ನನ್ನ ಜುಬ್ಬ ಇಸ್ತ್ರಿ ಆಗಿರ್ಬೇಕು.”

“ಬೆಂಕಿ ಇಲ್ದೆ ಹೆಂಗೆ ಸಾರ್?”

“ಅದೇನೋ ಮಾಡಿ.”

ಅಕ್ಕಯ್ಯಮ್ಮ ಕೆಂಡದ ಮೇಲೆ ನೀರು ಚೆಲ್ಲಿದಳು. ಚುಂಯ್ ಅಂತು. ರಾತ್ರಿ ಅತ್ತೆ ಸೊಸೆ ಅಧ್ಯಕ್ಷರ ಜುಬ್ಬವನ್ನು ಮಡಿಸಿ ಹಾಸಿಗೆಯ ಕೆಳಗೆ ಇಟ್ಟು ಅದರ ಮೇಲೆ ಮಲಗಿದರು.

ಕಾಮಾಕ್ಷಿಪಾಳ್ಯದಲ್ಲಿ ಪ್ಯಾಂಟು ಒಗೆಯುವ ಕಾರ್ಖಾನೆಯೊಂದರಲ್ಲಿ ಬಾಯ್ಲರಿಗೆ ಹಾಕುವ ಕಲ್ಲಿದ್ದಲು ಇತ್ತು. ಸಂಘದವರು ಒಂದು ಮೂಟೆ ಕೊಂಡರು. ಮೂಟೆ ಟೆಂಪೋ ಹತ್ತಿ, ಮಾಗಡಿ ರಸ್ತೆಯುದ್ದಕ್ಕೂ ಕರಿ ಹೊಗೆ ಬಿಟ್ಟುಕೊಂಡು ಬಂತು. ಮೂಟೆಯ ಮೇಲೆ ಕಾರ್ಖಾನೆಯ ಹೆಸರು ನೀಲಿ ಅಕ್ಷರದಲ್ಲಿತ್ತು. ಲಿಂಗಮ್ಮ ಓದಿದಳು. ಅದೇ ಹೆಸರು ಮಹೇಶನ ಅಂಗಿಯ ಜೇಬಿನ ಮೇಲೆ ಇತ್ತು.

ಮಹೇಶ ಆ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಬಾಗಿಲು ತೆರೆಯುವುದು, ಸಲಿಕೆ ತುಂಬಿ ಎಸೆಯುವುದು, ಬಾಗಿಲು ಮುಚ್ಚುವುದು. ಮನೆಗೆ ಬಂದರೆ ಮೂಗಿನಲ್ಲಿ ಕಪ್ಪು, ಕಿವಿಯಲ್ಲಿ ಕಪ್ಪು. ಮೈ ತೊಳೆದರೆ ಬಚ್ಚಲು ಕಪ್ಪು. ಕೊನೆಕೊನೆಗೆ ಕೆಮ್ಮಿದರೆ ಟವಲು ಕಪ್ಪು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೀಡಿ ಸೇದ್ತೀಯಾ ಅಂತ ಕೇಳಿದರು. ಅವನು ಬೀಡಿ ಮುಟ್ಟಿದವನಲ್ಲ. ಕಾರ್ಖಾನೆಯವರೂ ಬೀಡಿ ಅಂದರು. ಅವನು ಸತ್ತ. ಲಿಂಗಮ್ಮ ಅಳಲಿಲ್ಲ. ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟಳು.

ಬ್ಯಾನರಿಗೆ ಕನ್ನಡದಲ್ಲೊಂದು ಸಾಲು ಬರೆದುಕೊಡು ಎಂದು ವಿಶ್ವಾರಾಧ್ಯರು ಕೇಳಿದಾಗ ಅವಳು ಇಲ್ಲವೆನ್ನಲಿಲ್ಲ. ಕಲ್ಲಿದ್ದಲನ್ನು ನೆಲದಲ್ಲೇ ಬಿಡಬೇಕೆಂಬ ಮಾತನ್ನು ಇಡೀ ಬಡಾವಣೆಯಲ್ಲಿ ನಿಜವಾಗಿ ನಂಬಿದವಳು ಅವಳೊಬ್ಬಳೇ. ಆ ಕರಿಯದು ನೆಲದಲ್ಲೇ ಇದ್ದಿದ್ದರೆ ಮಹೇಶನ ಎದೆಗೆ ಬರುತ್ತಿರಲಿಲ್ಲ. ತಣ್ಣಗಿದ್ದ ಇಸ್ತ್ರಿ ಹಲಗೆಯ ಮೇಲೆ ಹಾಳೆ ಇಟ್ಟು ಬರೆದಳು: ‘ನೆಲದಲ್ಲಿರುವುದು ನೆಲದಲ್ಲೇ ಇರಲಿ.’

“ಚೆನ್ನಾಗಿದೆ! ಎಂ.ಎ. ಅಲ್ವಾ” ಎಂದ ಅಧ್ಯಕ್ಷರು ಹಾಳೆಯನ್ನು ತುದಿಬೆರಳಲ್ಲಿ ಹಿಡಿದುಕೊಂಡು ಹೋದರು.

ಜಾಗದ ಮಾತು ಆಮೇಲೆ ಬಂತು. ಭಾರವಾದದ್ದು ನೈಋತ್ಯದಲ್ಲಿ ಇರಬೇಕು ಎಂದು ವಾಸ್ತು ನೋಡುವವರು ಹೇಳಿದರು. ಪಾರ್ಕಿನ ನೈಋತ್ಯ ಮೂಲೆಯಲ್ಲಿ ಲೋಳೆಸರ ಸೊಂಪಾಗಿ ಬೆಳೆದಿತ್ತು. ಬೆಳಗಿನ ವಾಕಿಂಗಿನವರು ಅದನ್ನು ಮುರಿದು ಮನೆಗೆ ಒಯ್ಯುತ್ತಿದ್ದರು. ಮುಖಕ್ಕೆ ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿದ್ದರು. ಕೆಲವರು ಜ್ಯೂಸು ಮಾಡಿ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದರು. “ಎಲ್ಲೂ ಇಲ್ಲದ ಫಲವತ್ತತೆ ಇಲ್ಲಿದೆ. ಇಲ್ಲೇ ಅಗೆಯೋಣ” ಅಂದರು ಶ್ಯಾಮಸುಂದರ.

ಆ ಲೋಳೆಸರ ತಾನಾಗಿ ಬೆಳೆದದ್ದಲ್ಲ. ಕೇರಿಯವರು ನೆಟ್ಟದ್ದು. ಪಾರ್ಕು ಪಾರ್ಕಾಗುವ ಮೊದಲು ಕೇರಿಯ ಸ್ಮಶಾನವಾಗಿತ್ತು. ಹೂತವರ ತಲೆದೆಸೆಗೆ ಒಂದು ಲೋಳೆಸರ ನೆಡುವುದು ಇವರಲ್ಲಿ ರೂಢಿ. ನೀರು ಹಾಕುವವರಿಲ್ಲದಿದ್ದರೂ ಅದು ಸಾಯುವುದಿಲ್ಲ, ಅದಕ್ಕೆ. ಮಹೇಶನನ್ನು ಹೂತ ಮಾರನೆಯ ವರ್ಷ ಲೇಔಟಿನವರು ಬೇಲಿ ಹಾಕಿದರು. ನೆಲ ಮಟ್ಟ ಮಾಡಿದರು, ಹುಲ್ಲು ಹಾಸಿದರು, ಬೆಂಚು ಹಾಕಿದರು. ಲೋಳೆಸರ ಅದರ ನಡುವೆಯೂ ಮತ್ತೆ ಚಿಗುರಿತು. ‘ಮನೆಗೆಲಸದವರು ಬೆಂಚಿನ ಮೇಲೆ ಕೂರಬಾರದು’ ಎಂದು ಬೋರ್ಡು ಹಾಕಿದರು. ಮಹಾಲಯ ಅಮಾವಾಸ್ಯೆಗೆ ಅಕ್ಕಯ್ಯಮ್ಮ ಎಡೆಯನ್ನು ಬೇಲಿಯಡಿಯಿಂದ ಒಳಕ್ಕೆ ತಳ್ಳುತ್ತಿದ್ದಳು. ಕೋಲು ಇಟ್ಟುಕೊಂಡು ತಳ್ಳುತ್ತಿದ್ದಳು, ಎಲೆ ಆದಷ್ಟು ಒಳಗೆ ಹೋಗಲಿ ಎಂದು.

ಲಿಂಗಮ್ಮ ಅಧ್ಯಕ್ಷರ ಮನೆಗೆ ಹೋದಳು. ಗೇಟಿನ ಹೊರಗೇ ನಿಂತಳು.

“ಸಾರ್, ಆ ಮೂಲೇಲಿ ಬೇಡ. ನಮ್ಮನೆಯವರು ಅಲ್ಲಿದಾರೆ.”

“ಎಲ್ಲಿ?”

“ಕೆಳಗೆ.”

ವಿಶ್ವಾರಾಧ್ಯರು ಕಾಫಿ ಲೋಟ ಕೆಳಗಿಟ್ಟರು. “ಅಲ್ಲಿ ಯಾರೂ ಇಲ್ಲಮ್ಮ. ಪಾರ್ಕಿನ ನಕ್ಷೆ ನಾನೇ ನೋಡಿದೀನಿ. ಆ ಜಾಗದಲ್ಲಿ ಒಂದು ಬೆಂಚಿದೆ ಅಷ್ಟೆ.”

“ಬೆಂಚಿನ ಕೆಳಗೆ ಸಾರ್.”

“ಅಲ್ಲಮ್ಮಾ, ಹಾಗೇನಾದ್ರೂ ಇದ್ರೆ ನೀವು ಮೊದ್ಲೇ ಶಿಫ್ಟ್ ಮಾಡ್ಕೋಬೇಕಿತ್ತು. ನಾವು ನೋಟೀಸು ಅಂಟಿಸಿದ್ವಿ.” ಬಾಡಿಗೆದಾರನ ವಿಷಯ ಹೇಳುವ ಹಾಗೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು. “ನೋಡು, ಗುಂಡಿ ತೋಡೋಕೆ ಜೆಸಿಬಿ ಕರೆಸೋ ಹಾಗಿಲ್ಲ. ಡೀಸೆಲ್ಲು. ಕೈಯಲ್ಲೇ ಆಗ್ಬೇಕು. ನಿಮ್ಮೋರಿಗೆ ಅಭ್ಯಾಸ ಇರೋ ಕೆಲಸ. ನೀವೇ ಮಾಡ್ಕೊಡಿ, ಗಾಡಿ ಅಲ್ಲೇ ಇರ್ಲಿ. ಇಲ್ಲಾಂದ್ರೆ ಗಾಡಿ ನಿಲ್ಸೋಕೆ ಬೇರೆ ಕಡೆ ನೋಡ್ಕೊಳ್ಳಿ. ಬೇರೆ ಆಳು ಬಂದು ಅಗೀತಾರೆ.”

ಮನೆಗೆ ಬಂದು ಅತ್ತೆಗೆ ಹೇಳಿದಳು. ಅಕ್ಕಯ್ಯಮ್ಮ ಎಲೆ ಅಡಿಕೆ ಅಗಿಯುತ್ತಲೇ ಕೇಳಿದಳು.

“ಎಷ್ಟು ಆಳ ಅಂತೆ?”

“ಮಂಡಿ ಆಳ ಸಾಕಂತೆ.”

“ಅವನು ಆಳುದ್ದ ಕೆಳಗವ್ನೆ. ನಾನೇ ಮುಂದೆ ನಿಂತು ತೋಡಿಸಿದ್ದು. ನಾಯಿ ನರಿ ಎಳೀಬಾರ್ದು ಅಂತ.” ತುಪ್ಪಿ ಬಂದಳು. “ಬ್ಯಾರೇರು ಅಗದ್ರೆ ಎಲ್ಲಿ ನಿಲ್ಸಬೇಕು ಅಂತ ಅವರಿಗೆ ಗೊತ್ತಾಗಕಿಲ್ಲ ಕಣೇ ಲಿಂಗಿ. ನಾವೇ ಅಗಿಯಾನ. ಮಂಡಿ ಆಳಕ್ಕೆ ನಿಲ್ಸಾನ.”

ಅತ್ತೆಗೆ ಸೊಂಟ ಹಿಡಿದಿತ್ತು. ಹಾಗಾಗಿ ಪಿಕಾಸಿ ಲಿಂಗಮ್ಮನ ಕೈಗೆ ಬಂತು.

ಭಾನುವಾರ ಬೆಳಗ್ಗೆ ಕರೆಂಟು ಹೋಯಿತು. ಮೈಕಿಗೆಂದು ಜನರೇಟರ್ ತಂದರು. ಅದು ಹೊಂಗೆ ಮರದ ಕೆಳಗೆ ಗಡಗಡ ಅನ್ನುತ್ತಾ ಡೀಸೆಲ್ ಹೊಗೆ ಕಾರಿತು. ಬ್ಯಾನರನ್ನು ಅದೇ ಮರಕ್ಕೆ ಕಟ್ಟಿದ್ದರು. ಕಾರ್ಯಕ್ರಮ ಶುರುವಾಗುವ ಮೊದಲೇ ಲಿಂಗಮ್ಮನ ಸಾಲಿನ ಮೇಲೆ ಮಸಿ ಕೂತಿತ್ತು.

ಕಲ್ಲಿದ್ದಲನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ಉಳಿದದ್ದು ಮೂಟೆಯಲ್ಲೇ ಇತ್ತು, ಮೂಟೆಗೊಂದು ಹಾರ ಹಾಕಿದ್ದರು. ಪುರೋಹಿತರು ಸಂಕಲ್ಪ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು.

“ಗೋತ್ರ?”

“ಯಾರದು?”

“ಕಲ್ಲಿದ್ದಲಿಂದು.”

ಎಲ್ಲರೂ ಶ್ಯಾಮಸುಂದರರ ಮುಖ ನೋಡಿದರು. ವಿಜ್ಞಾನದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

“ಇರ್ಲಿ ಬಿಡಿ, ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ” ಎಂದು ಪುರೋಹಿತರೇ ದಾರಿ ಮಾಡಿದರು. ಕಲ್ಲಿದ್ದಲಿಗೆ ಗೋತ್ರ ಸಿಕ್ಕಿತು. ಮಹೇಶನನ್ನು ಹೂಳುವಾಗ ಬರುತ್ತೀರಾ ಎಂದು ಕೇಳಿದ್ದಕ್ಕೆ ಆ ರಸ್ತೆಗೇ ಬರುವುದಿಲ್ಲ ಎಂದವರು ಇವರೇ.

ಅಧ್ಯಕ್ಷರು, ಕಾರ್ಯದರ್ಶಿ, ಮಹಿಳಾ ಘಟಕದವರು ಒಬ್ಬೊಬ್ಬರಾಗಿ ಬಿಳಿ ಗ್ಲೌಸು ತೊಟ್ಟು ಪಿಕಾಸಿ ಹಿಡಿದು ಫೋಟೋ ತೆಗೆಸಿಕೊಂಡರು. ಪಿಕಾಸಿ ನೆಲಕ್ಕೆ ತಾಗಲಿಲ್ಲ. ಆಮೇಲೆ ಗ್ಲೌಸು ಬಿಚ್ಚಿ ಪಿಕಾಸಿಯನ್ನು ಲಿಂಗಮ್ಮನ ಮುಂದೆ ನೆಲದ ಮೇಲಿಟ್ಟರು. ಕೈಗೆ ಕೊಡಲಿಲ್ಲ.

ಅವಳು ಬೆಂಚನ್ನು ಸರಿಸಿದಳು. ಲೋಳೆಸರವನ್ನು ಬೇರುಸಮೇತ ಕಿತ್ತು ಅತ್ತೆಯ ಕೈಗೆ ಕೊಟ್ಟಳು. ಸೆರಗು ಸಿಕ್ಕಿಸಿದಳು. ಅಗೆದಳು.

ಹುಲ್ಲು ಬಂತು. ಲೇಔಟಿನವರು ತುಂಬಿಸಿದ ಕೆಂಪು ಮಣ್ಣು ಬಂತು. ಅದರ ಕೆಳಗೆ ಕೇರಿಯ ಮಣ್ಣು ಬಂತು. ರಟ್ಟೆ ಉರಿಯಿತು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಬೆವರು ಕಣ್ಣಿಗಿಳಿಯಿತು. ಅಕ್ಕಯ್ಯಮ್ಮ ಬಾಣಲಿಯಲ್ಲಿ ಮಣ್ಣು ತುಂಬಿ ಮೇಲೆ ಸುರಿದಳು. ಪ್ರತಿ ಬಾಣಲಿಗೂ ಒಂದು ನರಳು. ಸುತ್ತ ಕುರ್ಚಿ ಹಾಕಿಕೊಂಡವರು ಕೇಸರಿಬಾತ್ ತಿನ್ನುತ್ತಿದ್ದರು.

“ಮಣ್ಣು ಎಷ್ಟು ಸಲೀಸಾಗಿ ಬರ್ತಿದೆ ನೋಡ್ರಿ.”

“ಅಭ್ಯಾಸ ಇದೆಯಲ್ಲ ಅವ್ರಿಗೆ.”

ಸಲೀಸಾಗಿ ಬರುತ್ತಿದ್ದುದು ಹೌದು. ಒಮ್ಮೆ ತೋಡಿದ ಮಣ್ಣು ಮತ್ತೆ ಮೊದಲಿನ ಹಾಗೆ ಗಟ್ಟಿಯಾಗುವುದಿಲ್ಲ. ಪ್ರತಿ ಏಟು ಮೆತ್ತಗೆ ಇಳಿದಾಗಲೂ ಲಿಂಗಮ್ಮ ಮುಂದಿನ ಏಟನ್ನು ಇನ್ನಷ್ಟು ಮೆಲ್ಲಗೆ ಹಾಕಿದಳು.

ಮಂಡಿ ಆಳಕ್ಕೆ ಅವಳು ಪಿಕಾಸಿ ಊರಿ ನಿಂತಳು. “ಆಯ್ತು ಸಾರ್.”

ಆಗ ಫೋನು ಬಂತು. ವಿದೇಶದ ಸಂಸ್ಥೆಯ ವೀಕ್ಷಕಿ ವಿಡಿಯೋದಲ್ಲಿ ಬಂದಳು. ಕೆಂಪು ಸ್ವೆಟರು ಹಾಕಿದ್ದ ಹೆಂಗಸು. ಶ್ಯಾಮಸುಂದರ ಫೋನನ್ನು ಕೋಲಿಗೆ ಸಿಕ್ಕಿಸಿ ಗುಂಡಿಯೊಳಕ್ಕೆ ಇಳಿಬಿಟ್ಟರು. ಆಕೆ ಮೇಲೆ ಕೆಳಗೆ ನೋಡಿ ಏನೋ ಅಂದಳು.

“ಏನಂತೆ?” ಅಧ್ಯಕ್ಷರು ಕೇಳಿದರು.

“ಇಷ್ಟು ಮೇಲಿದ್ರೆ ಯಾರು ಬೇಕಾದ್ರೂ ಮತ್ತೆ ತೆಗೀತಾರೆ ಅಂತಿದಾರೆ. ಇನ್ನೂ ಆಳ ಬೇಕಂತೆ. ಆಳುದ್ದ.”

“ಆಯ್ತು, ಆಯ್ತು. ಲಿಂಗಮ್ಮ, ಇನ್ನೂ ಸ್ವಲ್ಪ ಇಳಿಸಮ್ಮ.”

ಲಿಂಗಮ್ಮ ಅತ್ತೆಯನ್ನು ನೋಡಿದಳು. ಲೋಳೆಸರವನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದ ಅಕ್ಕಯ್ಯಮ್ಮ ಇಲ್ಲವೆಂದು ತಲೆಯಾಡಿಸಿದಳು.

ಸಮಯ ತುಂಬಿಸಲೆಂದು ಮಹಿಳಾ ಘಟಕದ ಹೇಮಶ್ರೀ ಮೈಕ್ ಹಿಡಿದು ಗುಂಡಿಯ ಅಂಚಿಗೆ ಬಂದಳು. ಚೆಂದದ ದನಿ. “ಈಗ ನಮ್ಮ ಶ್ರಮಿಕ ಮಹಿಳೆಯ ಅನಿಸಿಕೆ ಕೇಳೋಣ. ಹೇಗನ್ನಿಸ್ತಿದೆ ಲಿಂಗಮ್ಮ?” ಎಂದು ಮೈಕನ್ನು ಬಗ್ಗಿಸಿದಳು.

“ಇನ್ನು ಕೆಳಗೆ ಅಗೆಯಲ್ಲ” ಅಂದಳು ಲಿಂಗಮ್ಮ.

“ಯಾಕಮ್ಮ? ಕಲ್ಲು ಸಿಕ್ತಾ?” ಅಧ್ಯಕ್ಷರು ಅಲ್ಲಿಂದಲೇ ಕೂಗಿದರು.

“ಇಲ್ಲ ಸಾರ್. ನನ್ನ ಗಂಡ ಸಿಕ್ತಾನೆ.”

ಸ್ಪೀಕರುಗಳನ್ನು ನಾಲ್ಕೂ ದಿಕ್ಕಿಗೆ ಕಟ್ಟಿದ್ದರು. ಮಾತು ಮನೆಮನೆಯ ಕಿಟಕಿಗೂ ಹೋಯಿತು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಬಗ್ಗಿ ನೋಡಿದರು.

“ಏನಂದ್ರಿ?” ಹೇಮಶ್ರೀ ಕೇಳಿದಳು. ಮೈಕು ಇನ್ನೂ ಕೆಳಗೇ ಇತ್ತು.

“ಇದು ನಮ್ಮ ಸ್ಮಶಾನ ಮೇಡಂ. ಕೆಳಗೆ ಮಹೇಶ ಇದಾನೆ. ಆ ಕಡೆ ಅವನ ಅಪ್ಪ. ನೀವು ಇಷ್ಟೊತ್ತು ಕೂತಿದ್ರಲ್ಲ, ಅಲ್ಲಿ ನಮ್ಮ ಅಜ್ಜಿ. ಈ ಲೋಳೆಸರ ಅವರವರ ತಲೆ ಹತ್ರ ನೆಟ್ಟಿದ್ದು.”

ಹೇಮಶ್ರೀಯ ಕೈ ಮೆಲ್ಲಗೆ ಕೆನ್ನೆಗೆ ಹೋಯಿತು. ಸೆರಗಿನಿಂದ ಉಜ್ಜಿಕೊಂಡಳು. ಅವಳನ್ನು ನೋಡಿ ಪಕ್ಕದವಳು ಉಜ್ಜಿಕೊಂಡಳು. ಒಂದೊಂದೇ ಕೈ ಒಂದೊಂದೇ ಕೆನ್ನೆಗೆ ಹೋಯಿತು. ಕಾರ್ಯದರ್ಶಿ ತಲೆಗೂದಲು ಹಿಡಿದುಕೊಂಡರು. ದಿನಾ ಜ್ಯೂಸು ಕುಡಿಯುತ್ತಿದ್ದ ಯಜಮಾನರೊಬ್ಬರು ಕೇಸರಿಬಾತಿನ ತಟ್ಟೆ ಕೆಳಗಿಟ್ಟು, ಹೊಂಗೆ ಮರದ ಹಿಂದೆ ಹೋಗಿ ವಾಂತಿ ಮಾಡಿದರು.

“ಮೈಕ್ ಆಫ್ ಮಾಡ್ರೀ!” ಎಂದರು ವಿಶ್ವಾರಾಧ್ಯರು. ಯಾರೂ ಆಫ್ ಮಾಡಲಿಲ್ಲ. ಅವರು ಗುಂಡಿಯ ಬಳಿ ಬಂದು ಕೂತು ಪಿಸುಗುಟ್ಟಿದರು. ಅದೂ ಸ್ಪೀಕರಿನಲ್ಲಿ ಬಂತು. “ಮರ್ಯಾದೆ ತೆಗೀಬೇಡ ಕಣಮ್ಮ. ಒಂದು ಗಂಟೆ ಕೆಲಸ. ಅವನನ್ನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಗಲ್ವಾ?”

“ವೈಜ್ಞಾನಿಕವಾಗಿ ತೊಂದರೆ ಇಲ್ಲ” ಎಂದರು ಶ್ಯಾಮಸುಂದರ. “ಎರಡೂ ಕಾರ್ಬನ್ನೇ.”

ಲಿಂಗಮ್ಮನಿಗೆ ನಗು ಬಂತು. ಎಲ್ಲರೆದುರು, ಗುಂಡಿಯಲ್ಲಿ ನಿಂತು, ಗಟ್ಟಿಯಾಗಿ ನಕ್ಕಳು. ಅಕ್ಕಯ್ಯಮ್ಮನಿಗೆ ಹೆದರಿಕೆಯಾಯಿತು. ನಗು ನಿಂತ ಮೇಲೆ ಲಿಂಗಮ್ಮ ಹಾರ ಹಾಕಿದ್ದ ಮೂಟೆಯ ಕಡೆ ಕೈ ತೋರಿಸಿದಳು.

“ಅದನ್ನ ಇಡೋಕೆ ಇವನನ್ನ ತೆಗೀಬೇಕಾ ಸಾರ್? ಬದುಕಿದ್ದಾಗ ಅದನ್ನೇ ಇವನ ಎದೆಯೊಳಕ್ಕೆ ತುಂಬಿದ್ರು. ಈಗ ನೀವು ಎದೆ ಮೇಲೆ ಹೇರ್ತೀರಾ?”

“ನಾನೇನು ತುಂಬಿದ್ನಾ?”

“ನಿಮ್ಮ ಪ್ಯಾಂಟು ಅಲ್ಲೇ ಒಗೆದಿದ್ದು ಸಾರ್. ನಾನೇ ಇಸ್ತ್ರಿ ತಿಕ್ಕೋದು. ಒಳಗಿನ ಪಟ್ಟಿ ಮೇಲೆ ಹೆಸರಿದೆ.”

ವಿಶ್ವಾರಾಧ್ಯರು ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಎದ್ದು ನಿಂತರು. ಇನ್ನು ಪಿಸುಗುಟ್ಟಲಿಲ್ಲ. “ಅಗೀತೀಯೋ ಇಲ್ವೋ? ಗಾಡಿ ನಾಳೆ ಇರಲ್ಲ!”

“ಗಾಡಿ ತಳ್ಕೊಂಡು ಹೋಗಿ. ಇವನನ್ನ ಬಿಡಿ.”

“ಯಾರಪ್ಪ ಅಲ್ಲಿ, ಬೇರೆ ಆಳು ಕರೀರಿ!”

“ಬ್ಯಾನರ್ ಓದಿ ಸಾರ್.”

ಅವರು ಓದಲಿಲ್ಲ. ಮಿಕ್ಕವರು ಓದಿದರು. ಮಸಿಯ ಕೆಳಗೆ ಇನ್ನೂ ಕಾಣುತ್ತಿತ್ತು.

ಲಿಂಗಮ್ಮ ಪಿಕಾಸಿಯನ್ನು ಗುಂಡಿಯಿಂದಾಚೆಗೆ ಎಸೆದಳು. ಅದು ಕುರ್ಚಿಗಳ ಮಧ್ಯೆ ಬಿತ್ತು. ಕುರ್ಚಿಗಳು ಹಿಂದೆ ಸರಿದವು. ಅವಳು ಗುಂಡಿಯ ತಳದಲ್ಲಿ ಕಾಲು ಚಾಚಿ ಕೂತಳು.

“ನಾನೂ ಈಗ ನೆಲದಲ್ಲಿದೀನಿ” ಎಂದಳು. “ತೆಗೀಬೇಡಿ.”

ಕೋಲಿನ ತುದಿಯಲ್ಲಿ ಫೋನು ಇನ್ನೂ ನೇತಾಡುತ್ತಿತ್ತು. ಕೆಂಪು ಸ್ವೆಟರಿನ ಹೆಂಗಸು ಗಾಬರಿಯಿಂದ ಏನೋ ಕೇಳಿದಳು. 'ಇದು ಇಲ್ಲಿಯ ಸಂಪ್ರದಾಯ' ಎಂದು ಶ್ಯಾಮಸುಂದರ ಇಂಗ್ಲಿಷಿನಲ್ಲಿ ಉತ್ತರಿಸಿದರು. ಆಕೆ ಎದೆಯ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡಳು. ಚಪ್ಪಾಳೆಯನ್ನೂ ತಟ್ಟಿದಳು. ಬಡಾವಣೆಗೆ ಫಲಕ ಖಾತ್ರಿಯಾಯಿತು.

ಜನ ಒಬ್ಬೊಬ್ಬರೇ ಎದ್ದರು. ಹೋಗುವಾಗ ಕಾಲೆತ್ತಿ ಕಾಲೆತ್ತಿ ಇಟ್ಟರು, ಎಲ್ಲಿ ಯಾರಿದ್ದಾರೋ ಎಂದು. ಮೂಟೆಯನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಕೊಂಡದ್ದನ್ನು ಕಾರ್ಖಾನೆಯವರು ವಾಪಸ್ಸು ತೆಗೆದುಕೊಳ್ಳುವುದಿಲ್ಲವಂತೆ. ಹೊರಲು ಆಳು ಕೇಳಿದರೆ ಅಕ್ಕಯ್ಯಮ್ಮ ಹಿಡಿದ ಸೊಂಟ ತೋರಿಸಿದಳು. ಕೊನೆಗೆ ಕಾರ್ಯದರ್ಶಿಯೂ ಅಧ್ಯಕ್ಷರೂ ಸೇರಿ ಅದನ್ನು ಎಳೆದಾಡಿ ಬೆಂಚಿನ ಮೇಲೆ ಕೂರಿಸಿದರು. ಜುಬ್ಬ ಕಪ್ಪಾಯಿತು. ಕೆಲಸದವರು ಕೂರಬಾರದ ಬೆಂಚಿನ ಮೇಲೆ ಕಲ್ಲಿದ್ದಲು ಹಾರ ಹಾಕಿಕೊಂಡು ಕೂತಿತು.

ಜನರೇಟರ್ ನಿಂತ ಮೇಲೆ ಅಕ್ಕಯ್ಯಮ್ಮ ರಸ್ತೆಗೆ ಹೋಗಿ ಬನ್ನೂ ಟೀಯೂ ತಂದಳು. ಗೇಟಿನ ಹತ್ತಿರ ಒಂದು ಕ್ಷಣ ಬೇಲಿಯಡಿ ನೋಡಿದಳು. ಆಮೇಲೆ ಗೇಟಿನಿಂದಲೇ ಒಳಗೆ ಬಂದಳು. ಗುಂಡಿಯಂಚಿನಲ್ಲಿ ಕೂತು ಬನ್ನು ಮುರಿದಳು. ಒಂದು ಚೂರು ಸೊಸೆಗೆ. ಒಂದು ಚೂರು ಮಣ್ಣಿನ ಮೇಲೆ.

“ತಿನ್ನೇ. ಅವನೂ ತಿಂತಾನೆ.”

ಲಿಂಗಮ್ಮ ಬಾಯಿಗಿಟ್ಟಳು. ಬೊಕ್ಕೆ ಒಡೆದ ಕೈ ಚುರುಗುಟ್ಟಿತು. ಚುರುಗುಟ್ಟುವುದು ಗೊತ್ತಾಯಿತು. ಬನ್ನು ಉಪ್ಪುಪ್ಪಾಗಿತ್ತು. ಯಾಕೆಂದು ನೋಡಿಕೊಂಡರೆ ಕೆನ್ನೆ ಒದ್ದೆಯಾಗಿತ್ತು.

ಬಿಸಿಲೇರಿದಾಗ ಪಾರ್ಕಿಗೆ ಬೀಗ ಹಾಕುವುದು ರೂಢಿ. ಸಂಜೆಯೇ ಮತ್ತೆ ತೆರೆಯುವುದು. ಕಾವಲುಗಾರ ಗಿರಿರಾಜ್ ಬೀಗ ಹಿಡಿದು ಬಂದು ಉದ್ದಕ್ಕೆ ಸೀಟಿ ಊದಿದ. ದಿನಾ ಕೂಗುವ ಮಾತನ್ನು ದಿನದ ಹಾಗೇ ಕೂಗಿದ.

“ಟೈಮಾಯ್ತು! ಒಳಗಿರೋರೆಲ್ಲ ಆಚೆ ಬನ್ನಿ!”

ಲಿಂಗಮ್ಮ ಗುಂಡಿಯಿಂದ ತಲೆ ಎತ್ತಿದಳು. ಮುಖದ ತುಂಬ ಮಣ್ಣು.

“ಎಲ್ಲಾರೂ ಬರ್ಬೇಕಾ ಅಣ್ಣ?”

ಗಿರಿರಾಜ್ ಹುಲ್ಲನ್ನು ನೋಡಿದ. ಅಲ್ಲೊಂದು ಇಲ್ಲೊಂದು ಮೊಂಡಾಗಿ ನಿಂತಿದ್ದ ಲೋಳೆಸರಗಳನ್ನು ನೋಡಿದ. ತಾನು ನಿಂತ ಜಾಗವನ್ನು ನೋಡಿದ. ಸೀಟಿಯನ್ನು ಬಾಯಿಗಿಟ್ಟ. ಊದಲಿಲ್ಲ.

ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ಬೀಗ ಹಾಕದೆ ಆಚೆ ಹೋದ.